ಅಪ್ಪನ ದೀರ್ಘ ಸಜ್ದಾ

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರಾದ ಡಾಕ್ಟರ್ ವಗ್ದಿಯವರೇ, ದೂರದಿಂದ ಬಂದಿರುವ ಅತಿಥಿಗಳೇ, ಇಷ್ಟು ವರ್ಷ ನನ್ನ ಸಿಡುಕನ್ನು ಸಹಿಸಿಕೊಂಡ ದಾದಿಯರೇ, ಮಿಶಬ್ಬಕ್ ಸಿಹಿಯ ತಟ್ಟೆಗಳು ಬಂದವೇ ಎಂದು ಆಗಾಗ ಬಾಗಿಲ ಕಡೆ ಕಣ್ಣು ಹಾಯಿಸುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನನ್ನ ನಿವೃತ್ತಿಯ ನೆಪದಲ್ಲಿ ಇಷ್ಟು ಹೊತ್ತು ನನ್ನನ್ನು ಹೊಗಳಿದಿರಿ. ಹೊಗಳಿಕೆಯಿಂದ ಮನುಷ್ಯರ ತಲೆ ತಿರುಗುತ್ತದೆ ಎನ್ನುತ್ತಾರೆ. ತಲೆ ತಿರುಗಿದವರನ್ನು ನೆಟ್ಟಗೆ ಕೂರಿಸುವುದೇ ನನ್ನ ಕಸುಬಾದ್ದರಿಂದ ನೀವು ಗಾಬರಿಪಡಬೇಕಾಗಿಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ನೆಲಕ್ಕೆ ಬಗ್ಗಿದರೆ, ಅಟ್ಟದ ಮೇಲಿನ ಡಬ್ಬಿಗೆ ತಲೆಯೆತ್ತಿದರೆ ಲೋಕವೆಲ್ಲ ಗಿರ್ರನೆ ಸುತ್ತುವ ಕಾಯಿಲೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ಗೋಡೆಯ ಮೇಲೆ ಚಿತ್ರ ತೋರಿಸುವ ಯಂತ್ರವನ್ನೂ ತರಿಸಿದ್ದಾರೆ. ಅದು ನಮ್ಮ ಆಸ್ಪತ್ರೆಯ ಯಂತ್ರವಾದ್ದರಿಂದ ಕೆಟ್ಟಿದೆ. ಇರಲಿ ಬಿಡಿ. ನನ್ನಲ್ಲಿ ಇರುವುದು ಒಂದೇ ಒಳ್ಳೆಯ ಚಿತ್ರ, ಅದು ಮೊದಲ ಸಾಲಿನಲ್ಲಿ ಬಿಳಿಯ ರುಮಾಲು ಸುತ್ತಿಕೊಂಡು ಕೂತಿದೆ. ನನ್ನ ತಂದೆ, ಬಡಗಿ ಬೀದಿಯ ಮಸೀದಿಯ ಇಮಾಮರಾಗಿದ್ದ ಶೇಖ್ ಬದ್ರಾವಿಯವರು. ಅವರ ಎದುರಿಗೇ ಅವರ ಕಥೆ ಹೇಳುವ ಧೈರ್ಯ ಎಲ್ಲಿಂದ ಬಂತು ಎನ್ನುತ್ತೀರಾ? ಅವರಿಗೆ ಈಗ ಕಿವಿ ಮಂದ. ನಾನೇ ಕೈಯಾರೆ ಅಳತೆ ನೋಡಿ ಕೊಟ್ಟ ಕಿವಿಯಂತ್ರವನ್ನು ಅವರು ಜೋಪಾನವಾಗಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಊರಿನ ಅರ್ಧ ಮಾತು ಕೇಳದಿರುವುದೇ ಒಳ್ಳೆಯದಂತೆ. ಉಳಿದರ್ಧವನ್ನು ನಮ್ಮಮ್ಮ ತಫೀದಾ ಕೂಗಿ ಹೇಳುತ್ತಾಳೆ.

ಸಭಿಕರೇ, ಕಿವಿ ಡಾಕ್ಟರ್ ಆಗುವುದೆಂದರೆ ಏನೆಂದು ನಿಮಗೆ ಗೊತ್ತೇ? ಹೃದಯದ ಡಾಕ್ಟರ್ ಬಂದರೆ ಮದುವೆ ಮನೆಯಲ್ಲಿ ಎದ್ದು ನಿಲ್ಲುತ್ತಾರೆ. ಕಿವಿ ಡಾಕ್ಟರ್ ಬಂದರೆ ಕೂತಲ್ಲಿಂದಲೇ ಕಿವಿಗೆ ಕಿರುಬೆರಳು ಹಾಕಿಕೊಂಡು ಕರೆಯುತ್ತಾರೆ. ನಾನು ಹೃದಯ ಓದಬೇಕೆಂಬುದು ಅಪ್ಪನ ಆಸೆಯಾಗಿತ್ತು. ಕಿವಿ ಓದಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದರ ಬದಲು, ಯಾರಾದರೂ ನಿಮ್ಮ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ "ಇನ್ಸಾಫಾ? ಆಸ್ಪತ್ರೇಲಿದಾಳೆ" ಎನ್ನುತ್ತಿದ್ದರು. ಅಷ್ಟೇ, ಮುಂದೆ ಒಂದು ಮಾತೂ ಇಲ್ಲ. ಕೇಳಿದವರು ಅಯ್ಯೋ ಪಾಪ, ದೇವರು ಬೇಗ ಗುಣ ಮಾಡಲಿ ಎಂದು ಹಾರೈಸಿ ಹೋಗುತ್ತಿದ್ದರು. ಒಬ್ಬರಂತೂ ನನ್ನನ್ನು ನೋಡಲು ಕಿತ್ತಳೆ ಹಣ್ಣು ತೆಗೆದುಕೊಂಡು ಆಸ್ಪತ್ರೆಗೇ ಬಂದರು. ಹಣ್ಣು ಚೆನ್ನಾಗಿದ್ದವು, ನಾವೆಲ್ಲ ತಿಂದೆವು. ನಾನು ಇದನ್ನು ತಮಾಷೆಗೆ ಹೇಳುತ್ತಿದ್ದೇನೆ. ಈಗ ಅದು ತಮಾಷೆಯೇ.

ವಿಷಯಕ್ಕೆ ಬರುತ್ತೇನೆ. ಒಂದು ಚಳಿಗಾಲ ಮೇಸ್ತ್ರಿ ಶಿಹಾತರು ನನ್ನ ಹತ್ತಿರ ಬಂದರು. ಮಂಚಗಳ ತಲೆಹಲಗೆ ಕೆತ್ತುವುದರಲ್ಲಿ ನಮ್ಮ ದುಮ್ಯಾತ್ ಊರಿನಲ್ಲೇ ಅವರದು ಎತ್ತಿದ ಕೈ. ಕಿವಿಯ ತುಂಬ ಮರದ ಪುಡಿ ಸೇರಿಕೊಂಡು ಹೆಂಡತಿಯ ಮಾತು ಕೇಳುತ್ತಿಲ್ಲವೆಂದು ಅವರ ಹೆಂಡತಿಯೇ ಕಳಿಸಿದ್ದರು. ನಾನು ಕಿವಿ ತೊಳೆಯುತ್ತಿದ್ದರೆ ಅವರು ನಮ್ಮಪ್ಪನ ಗುಣಗಾನ ಶುರುಮಾಡಿದರು.

"ಡಾಕ್ಟರಮ್ಮ, ನಿಮ್ಮ ತಂದೆಯವರ ಹಿಂದೆ ನಮಾಜು ಮಾಡೋದು ಅಂದ್ರೆ ಈಗ ಪುಣ್ಯ. ಹಣೆ ನೆಲಕ್ಕಿಟ್ರು ಅಂದ್ರೆ ಎತ್ತೋದೇ ಇಲ್ಲ. ನಾನು ಮಕ್ಕಳಿಗೆ ಬೇಡ್ಕೋತೀನಿ, ಮೊಮ್ಮಕ್ಕಳಿಗೆ ಬೇಡ್ಕೋತೀನಿ, ಅತ್ತೆ ಮನೆಯವರಿಗೂ ಬೇಡ್ಕೊಂಡು ಮುಗಿಸ್ತೀನಿ, ಅವರಿನ್ನೂ ದೇವರ ಹತ್ರಾನೇ ಇರ್ತಾರೆ."

ನದಿಯಾಚೆಯಿಂದ ಆಟೋ ಮಾಡಿಕೊಂಡು ಜನ ಬರುತ್ತಿದ್ದಾರಂತೆ. ಆ ನಿಶ್ಶಬ್ದದಲ್ಲಿ ಹಿಂದಿನ ಸಾಲುಗಳಲ್ಲಿ ಅಳುವುದು ಕೇಳಿಸುತ್ತದಂತೆ. ದಿನವಿಡೀ ಉಳಿ ಹಿಡಿದು ದಣಿದ ಒಬ್ಬಿಬ್ಬರು ಗೊರಕೆ ಹೊಡೆಯುವುದೂ ಉಂಟಂತೆ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲವಂತೆ. ಹಣೆ ನೆಲಕ್ಕಿಡುವ ಎಲ್ಲ ಸಜ್ದಾಗಳೂ ಅಷ್ಟು ಉದ್ದವೇ ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

"ಇಲ್ಲಮ್ಮ, ಮೊದಲ್ನೇದೇ ಉದ್ದ. ಆಮೇಲಾಮೇಲೆ ಕಮ್ಮಿ ಆಗ್ತಾ ಹೋಗುತ್ತೆ. ಮೊದಲ್ನೇದ್ರಲ್ಲೇ ಎಲ್ಲಾ ಹೇಳ್ಕೊಂಡುಬಿಡ್ತಾರೆ ಅನ್ಸುತ್ತೆ."

ಸಭಿಕರೇ, ನನ್ನ ಕೈಯಲ್ಲಿದ್ದ ಪಿಚಕಾರಿ ಅಲ್ಲಿಯೇ ನಿಂತಿತು. ಮೇಸ್ತ್ರಿಗಳ ಅಂಗಿ ಒದ್ದೆಯಾಯಿತು. ಭಕ್ತಿ ಮೊದಲು ಹೆಚ್ಚಿದ್ದು ಆಮೇಲೆ ಕಡಿಮೆಯಾಗುತ್ತದೆಯೋ ಇಲ್ಲವೋ ನನಗೆ ತಿಳಿಯದು, ಅದು ಅಪ್ಪನ ಶಾಸ್ತ್ರ. ಆದರೆ ಮೊದಲ ಸಲ ಬಗ್ಗಿದಾಗ ಜೋರಾಗಿ ಬಂದು, ಮತ್ತೆ ಮತ್ತೆ ಬಗ್ಗಿದರೆ ಮೆತ್ತಗಾಗುತ್ತ ಹೋಗುವ ಒಂದು ಸಂಗತಿ ನನ್ನ ಶಾಸ್ತ್ರದಲ್ಲಿ ಇದೆ.

ಇಲ್ಲಿರುವ ಅರ್ಧ ಜನ ಬಡಗಿಗಳು, ನಿಮಗೆ ರಸಮಟ್ಟ ಹೊಸದಲ್ಲ. ಹಲಗೆಯ ಮೇಲಿಟ್ಟರೆ ಗಾಜಿನ ಕೊಳವೆಯೊಳಗಿನ ಗುಳ್ಳೆ ಎತ್ತ ಓರೆಯಾಗಿದೆ ಎಂದು ಹೇಳುತ್ತದೆ. ಒಳಗಿವಿಯಲ್ಲಿ ದೇವರು ಅಂಥದೇ ಬಾಗಿದ ಕೊಳವೆಗಳನ್ನು ಇಟ್ಟಿದ್ದಾನೆ, ಒಳಗೆ ನೀರಿನಂಥ ದ್ರವ. ಪಕ್ಕದ ಕೋಣೆಯಲ್ಲಿ ಸುಣ್ಣದ ಪುಡಿಯಂಥ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾದ ಮೇಲೋ ತಲೆಗೆ ಪೆಟ್ಟು ಬಿದ್ದೋ ಕೆಲವು ಸಡಿಲಾಗಿ ಕೊಳವೆಯೊಳಗೆ ಜಾರಿದರೆ, ತಲೆ ಆಡಿಸಿದಾಗಲೆಲ್ಲ ಅವೂ ಉರುಳುತ್ತವೆ, ದ್ರವ ಕದಡುತ್ತದೆ. ಮನುಷ್ಯ ಅಲುಗದೆ ಇದ್ದರೂ ಲೋಕ ತಿರುಗುತ್ತಿದೆ ಎಂದು ಕಿವಿ ಸುಳ್ಳು ಸಾಕ್ಷಿ ಹೇಳುತ್ತದೆ. ಒಂದು ನಿಮಿಷದೊಳಗೆ ಹರಳು ತಳಕ್ಕೆ ಕೂತರೆ ಸುತ್ತು ನಿಲ್ಲುತ್ತದೆ. ಅಷ್ಟು ಹೊತ್ತು ಅಲುಗಾಡದೆ ಇರುವುದೇ ಜಾಣತನ. ಹಣೆ ನೆಲಕ್ಕಿಟ್ಟವರು ಎತ್ತದೆ ಇರುವುದೇ ಜಾಣತನ.

ಆದರೂ ಒಬ್ಬ ಬಡಗಿಯ ಮಾತು ಕೇಳಿ ಇಮಾಮರಿಗೆ ಕಾಯಿಲೆಯೆಂದು ಹೇಳುವುದುಂಟೇ? ಸಂಜೆ ಅಮ್ಮನನ್ನು ನೋಡಲು ಹೋದೆ. ಅಮ್ಮ ಬೇಳೆ ಸಾರಿಗೆ ಎರಡು ಪಾಲು ಉಪ್ಪು ಹಾಕಿದ್ದಳು. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂದರೆ ಅದು ಮೊದಲು ಸಾರಿನಲ್ಲಿ ಗೊತ್ತಾಗುತ್ತದೆ.

"ನಿಮ್ಮಪ್ಪ ನನ್ನ ಮೇಲೆ ಮುನಿಸ್ಕೊಂಡಿದಾರೆ ಕಣೇ," ಎಂದಳು. "ಬಲಮಗ್ಗುಲಾಗಿ ಮಲಗ್ಬೇಕು, ಅದೇ ಪ್ರವಾದಿಗಳ ಕ್ರಮ ಅಂತ ಊರಿಗೆಲ್ಲಾ ಹೇಳ್ದೋರು. ಮದುವೆಯಾದಾಗಿಂದ ನನ್ನ ಕಡೆ ಮುಖ ಮಾಡ್ಕೊಂಡೇ ಮಲಗ್ದೋರು. ಈಗ ಎಡಕ್ಕೆ ತಿರುಗಿ ಗೋಡೆ ನೋಡ್ಕೊಂಡು ಮಲಗ್ತಾರೆ. ಗೋಡೇಲಿ ಏನಿದೆ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಒಳಗೊಳಗೇ ಸಂತೋಷವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಬಲಕ್ಕೆ ಹೊರಳಿದರೆ ಸುತ್ತು ಬರುತ್ತದೆ, ಅದಕ್ಕೇ ಎಡಕ್ಕೆ ಮಲಗುತ್ತಾರೆ. ಅಂದರೆ ಬಲಗಿವಿ. ನಮ್ಮಮ್ಮನ ಸಂಸಾರದ ದುಃಖ ನನಗೆ ಯಾವ ಕಿವಿಯೆಂದು ಹೇಳಿಕೊಟ್ಟಿತ್ತು.

ಆಮೇಲೆ ಅವಳು ಮಂಚದ ಕೆಳಗಿನಿಂದ ಒಂದು ವಸ್ತು ಎಳೆದು ತೋರಿಸಿದಳು. ಕತ್ತಿನ ಪಟ್ಟಿ. ಅಪ್ಪ ಯಾರಿಗೂ ಹೇಳದೆ ಮನ್ಸೂರಾಕ್ಕೆ ಹೋಗಿ ಕತ್ತಿನ ಡಾಕ್ಟರನ್ನು ಕಂಡು ಬಂದಿದ್ದರು. ಅದನ್ನು ಕಟ್ಟಿಕೊಂಡು ಮೇಲೆ ಶಾಲು ಹೊದ್ದು ಓಡಾಡುತ್ತಿದ್ದರು. ಶೇಖ್ ಅವರ ಕುತ್ತಿಗೆ ಇತ್ತೀಚೆಗೆ ಎಷ್ಟು ನೆಟ್ಟಗೆ, ಎಷ್ಟು ಗಂಭೀರ ಎಂದು ಬೀದಿಯವರು ಅದಕ್ಕೂ ಒಂದು ಹೊಗಳಿಕೆ ಸೇರಿಸಿದ್ದರು. ನಮ್ಮ ಜನಕ್ಕೆ ತಲೆ ತಿರುಗಿದರೆ ಒಂದೋ ರಕ್ತದೊತ್ತಡ, ಇಲ್ಲವೇ ಕತ್ತು, ಇಲ್ಲವೇ ಯಾರದೋ ಕೆಟ್ಟ ಕಣ್ಣು. ಕಿವಿಯ ಸರದಿ ಬರುವುದೇ ಇಲ್ಲ. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ಕಿವಿ ಡಾಕ್ಟರ್ ಒಬ್ಬಳು ಎರಡು ಬೀದಿಯಾಚೆ ಇದ್ದಳು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ನೀರು ಕುಡಿಯುತ್ತೇನೆ, ಕ್ಷಮಿಸಿ.

ಆ ಶುಕ್ರವಾರ ಹೆಂಗಸರ ಅಂಕಣಕ್ಕೆ ಹೋಗಿ ಜಾಲರಿಗೆ ಮುಖ ಒತ್ತಿ ಕೂತೆ. ಅಪ್ಪ ಮೊದಲ ಸಜ್ದಾಕ್ಕೆ ಬಗ್ಗಿದರು. ನನ್ನ ಸುತ್ತಲಿನ ಹೆಂಗಸರು ಬಿಕ್ಕುತ್ತಿದ್ದರು. ನಾನು ಮಾತ್ರ ಅಪ್ಪನ ಕೈಗಳನ್ನೇ ನೋಡುತ್ತಿದ್ದೆ. ಹತ್ತು ಬೆರಳೂ ನೆಲದ ಜಮಖಾನವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು, ದೋಣಿಯ ಅಂಚು ಹಿಡಿದ ಹಾಗೆ. ನಮಾಜು ಮುಗಿದ ಮೇಲೆ ಅಪ್ಪ ಎದ್ದು ನಿಂತು, ರಂಜಾನ್ ತಿಂಗಳು ಬರುವ ಮೊದಲೇ ತಾವು ಈ ಜಾಗ ಬಿಡುವುದಾಗಿಯೂ, ಕಿರಿಯರೊಬ್ಬರಿಗೆ ವಹಿಸಿಕೊಡುವುದಾಗಿಯೂ ಹೇಳಿದರು. ವಯಸ್ಸಾಯಿತು ಎಂದರು. ಅವರಿಗಾಗ ಇನ್ನೂ ಅರವತ್ತೆರಡು.

ಆ ಮಸೀದಿ ಬಿಟ್ಟರೆ ಅಪ್ಪನಿಗೆ ಬೇರೆ ಲೋಕವಿರಲಿಲ್ಲ. ಅವರ ದಿನದ ಐದು ಹೊತ್ತೂ ಅಲ್ಲೇ ಇದ್ದವು. ಅದು ಹೋದರೆ ಅವರು ಹೊಸಿಲ ಮೇಲೆ ಕೂತು ಬೀದಿ ನೋಡುವ ಮುದುಕರಾಗುತ್ತಾರೆ ಎಂದು ನನಗೆ ಭಯವಾಯಿತು. ನೇರವಾಗಿ ಮನೆಗೆ ಹೋದೆ. ನಿಮಗೆ ತಲೆ ಸುತ್ತುತ್ತಿದೆ, ಅದು ಕಿವಿಯಿಂದ, ನಾನು ಗುಣಮಾಡಬಲ್ಲೆ ಎಂದೆ.

"ತಿರುಗೋದು ತಲೆ ಕಣಮ್ಮ, ಕಿವಿಯಲ್ಲ," ಎಂದರು ಅಪ್ಪ, ಚಿಕ್ಕ ಮಗುವಿಗೆ ಪಾಠ ಹೇಳುವವರ ಹಾಗೆ.

ನಾನು ಜಗಳಕ್ಕೆ ನಿಂತೆ. ರಸಮಟ್ಟ ಹೇಳಿದೆ, ಹರಳು ಹೇಳಿದೆ. ತಲೆ ಸುತ್ತುವಾಗ ಮಾತು ತೊದಲುತ್ತದೆಯೇ, ಎರಡೆರಡು ಕಾಣುತ್ತದೆಯೇ, ಕೈಕಾಲು ಸೋಲುತ್ತವೆಯೇ, ಕಿವಿ ಮೊರೆಯುತ್ತದೆಯೇ ಎಂದು ಒಂದೊಂದನ್ನೇ ಕೇಳಿದೆ. ಎಲ್ಲಕ್ಕೂ ಇಲ್ಲ ಎಂದರು. ಕೊನೆಗೆ ನಮ್ಮ ದೊಡ್ಡಪ್ಪನ ಹೆಸರು ತೆಗೆದರು. ದೊಡ್ಡಪ್ಪ ಒಂದು ಬೆಳಗ್ಗೆ ಚಹಾ ಲೋಟ ಹಿಡಿದು ತಲೆ ಸುತ್ತುತ್ತಿದೆ ಎಂದವರು ಮಧ್ಯಾಹ್ನಕ್ಕೆ ಇರಲಿಲ್ಲ. ಅಪ್ಪ ಅಷ್ಟೂ ತಿಂಗಳು ತಮ್ಮ ಮಧ್ಯಾಹ್ನಕ್ಕಾಗಿ ಕಾಯುತ್ತಿದ್ದರು.

"ಸಾಯೋದಕ್ಕೆ ಹೆದರಿಲ್ಲ ಇನ್ಸಾಫ್," ಎಂದರು. "ಜನ ನನ್ನ ಹಿಂದೆ ಅಳ್ತಾರೆ. ಎಂಥಾ ಭಕ್ತಿ ಅಂತಾರೆ. ನಾನು ಅಲ್ಲಿ ಏನ್ ಮಾಡ್ತಿರ್ತೀನಿ ಗೊತ್ತಾ? ದೇವರನ್ನ ನೆನೀತಿಲ್ಲ. ನೆಲ ಹಿಡ್ಕೊಂಡಿರ್ತೀನಿ. ಇಲ್ಲದ ಭಕ್ತಿಗೆ ಹೊಗಳಿಸ್ಕೊಂಡು ಆ ಜಾಗದಲ್ಲಿ ಹೇಗೆ ನಿಲ್ಲಲಿ?"

ಸಭಿಕರೇ, ನಾನು ಓದಿದ ಯಾವ ಪುಸ್ತಕದಲ್ಲೂ ಈ ಲಕ್ಷಣ ಬರೆದಿಲ್ಲ. ವಾಂತಿ ಬರೆದಿದ್ದಾರೆ, ಬೆವರು ಬರೆದಿದ್ದಾರೆ, ನಾಚಿಕೆ ಬರೆದಿಲ್ಲ. ನನಗೆ ಅಳು ಬಂತು. ಅಳುವುದನ್ನು ತಪ್ಪಿಸಿಕೊಳ್ಳಲು ಅಪ್ಪನ ಮೇಲೆ ರೇಗಿದೆ. ಮಂಚದ ಮೇಲೆ ಕೂತ್ಕೊಳ್ಳಿ, ರುಮಾಲು ತೆಗೀರಿ ಎಂದು ಗದರಿದೆ. ಯಾವತ್ತೂ ಏರುದನಿಯಲ್ಲಿ ಮಾತಾಡದ ಮಗಳು ಗದರಿದ್ದಕ್ಕೋ ಏನೋ, ಅವರು ಸುಮ್ಮನೆ ರುಮಾಲು ತೆಗೆದು ಅಮ್ಮನ ಕೈಗೆ ಕೊಟ್ಟರು.

ಅಪ್ಪನ ತಲೆಯನ್ನು ಅದುವರೆಗೆ ನಾನು ಹಿಡಿದಿರಲಿಲ್ಲ. ಹಬ್ಬದ ದಿನ ಕೈಗೆ ಮುತ್ತಿಟ್ಟು ಹಿಂದೆ ಸರಿಯುವುದಷ್ಟೇ ನಮ್ಮ ಮನೆಯ ರೂಢಿ. ಈಗ ಎರಡೂ ಕೈಗಳಲ್ಲಿ ಆ ತಲೆಯನ್ನು ಹಿಡಿದು, ಅರ್ಧ ಬಲಕ್ಕೆ ತಿರುಗಿಸಿ, ಅವರನ್ನು ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಇಳಿಯುವಂತೆ ಹಿಡಿದೆ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಗಾಣದ ಹಾಗೆ ತಿರುಚಿ ತಿರುಚಿ ಮೇಲಕ್ಕೆ ಜಿಗಿಯತೊಡಗಿದವು. ನಾನು ಎಲ್ಲಿ ಹುಡುಕಬೇಕೋ ಅಲ್ಲೇ ಇತ್ತು, ಬಲಗಿವಿಯ ಹಿಂದಿನ ಕೊಳವೆ. ಅಪ್ಪ ನನ್ನ ಮಣಿಕಟ್ಟನ್ನು ಉಗುರು ನೆಡುವಂತೆ ಹಿಡಿದುಕೊಂಡರು. ಅಮ್ಮ ಅವರ ಪಾದ ಹಿಡಿದುಕೊಂಡು ದೇವರ ಹೆಸರು ಹೇಳತೊಡಗಿದಳು.

"ತಿರುಗ್ತಿರೋದು ಮನೆಯಲ್ಲ ಅಪ್ಪ, ನೀವೂ ಅಲ್ಲ. ಒಂದು ಚೂರು ಹರಳು. ಈಗ ನಿಲ್ಲುತ್ತೆ, ನಾನು ಹಿಡ್ಕೊಂಡಿದೀನಿ," ಎಂದೆ.

ನಿಂತಿತು. ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಕಾದೆ. ಎಡಭುಜದ ಮೇಲೆ ಹೊರಳಿಸಿ ಮುಖವನ್ನು ನೆಲದ ಕಡೆ ಮಾಡಿಸಿ ಮತ್ತೆ ಕಾದೆ. ಬಾಗಿದ ಕೊಳವೆಯಲ್ಲಿ ಸಿಕ್ಕಿಕೊಂಡ ಮಣಿಯನ್ನು ಕೊಳವೆ ತಿರುಗಿಸಿ ತಿರುಗಿಸಿ ಹೊರಕ್ಕೆ ಉರುಳಿಸುವುದಿಲ್ಲವೇ, ಇದೂ ಅಷ್ಟೇ. ಆಮೇಲೆ ಎಬ್ಬಿಸಿ ಕೂರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಬಲಕ್ಕೆ ಮಲಗಿಸಿ ನೋಡಿದೆ. ಕಣ್ಣು ಅಲುಗಲಿಲ್ಲ.

"ಇಷ್ಟೇನಾ?" ಎಂದರು ಅಪ್ಪ.

"ಇಷ್ಟೇ. ಕೆಲವರಿಗೆ ಎರಡು ಮೂರು ಸಲ ಮಾಡ್ಬೇಕಾಗುತ್ತೆ."

ಅವರಿಗೆ ಸ್ವಲ್ಪ ಅವಮಾನವಾದಂತೆ ಕಂಡಿತು. ಇಷ್ಟು ದೊಡ್ಡ ಸಂಕಟಕ್ಕೆ ಒಂದು ಮಾತ್ರೆಯೂ ಬೇಡವೇ? ನಾವು ದುಮ್ಯಾತಿನವರು ಜಿಪುಣರೆಂದು ಕೈರೋದವರು ಆಡಿಕೊಳ್ಳುತ್ತಾರಲ್ಲ, ನಿಜ ಹೇಳಬೇಕೆಂದರೆ ಔಷಧವಿಲ್ಲದ ಈ ಚಿಕಿತ್ಸೆ ನಮಗಾಗಿಯೇ ಇರುವುದು. ಅಮ್ಮನಿಗೆ ಮಾತ್ರ ಒಂದೇ ಪ್ರಶ್ನೆ ಉಳಿದಿತ್ತು.

"ಇವತ್ತು ಯಾವ ಕಡೆ ಮುಖ ಮಾಡಿ ಮಲಗ್ತೀರಿ?"

ಅಪ್ಪ ಕೆಮ್ಮಿದರು. ಮಾರನೆಯ ದಿನ ಸಾರಿಗೆ ಉಪ್ಪು ಸರಿಯಾಗಿತ್ತು.

ಮುಂದಿನ ಶುಕ್ರವಾರ ಅಪ್ಪ ಹಣೆ ನೆಲಕ್ಕಿಟ್ಟರು, ಎತ್ತಿದರು. ಎಲ್ಲರ ಹಾಗೆ. ಜನ ತಬ್ಬಿಬ್ಬಾದರು. ಮೇಸ್ತ್ರಿ ಶಿಹಾತರು ಇನ್ನೂ ಮಕ್ಕಳ ಹೆಸರೇ ಮುಗಿಸಿರಲಿಲ್ಲವಂತೆ. ಹಿಂದಿನ ಸಾಲಿನ ಒಬ್ಬರು ರೂಢಿಯಂತೆ ಕಣ್ಣು ಮುಚ್ಚಿದವರು ಕೊನೆಯವರೆಗೂ ಏಳಲೇ ಇಲ್ಲ. ಹೊರಗೆ ಚಪ್ಪಲಿ ಹುಡುಕುವಾಗಲೇ ಗೊಣಗಾಟ ಶುರುವಾಯಿತು. ಶೇಖ್ ಅವರಿಗೆ ಏನಾಯಿತು, ಸಂಸಾರದ ಚಿಂತೆಯೇ, ಮನಸ್ಸು ದೇವರ ಕಡೆಯಿಂದ ಸರಿಯಿತೇ? ಮಗಳು ಅದೇನೋ ತಲೆ ತಿರುಚಿದಳಂತೆ ಎಂಬ ಸುದ್ದಿಯೂ ಹೊರಟಿತು. ನೋಡಿ, ಕಾಯಿಲೆಯಿದ್ದಾಗ ಹೊಗಳಿಕೆ, ವಾಸಿಯಾದ ಮೇಲೆ ಬೈಗಳು. ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಬೇಕೇ?

ಅದರ ಮುಂದಿನ ಶುಕ್ರವಾರ ಅಪ್ಪ ನಮಾಜಿಗೆ ಮೊದಲು ಪ್ರವಚನಕ್ಕೆ ಪೀಠ ಹತ್ತಿದರು. ನಾನು ಜಾಲರಿಯ ಹಿಂದೆ ಇದ್ದೆ. ಅವರು ಆಡಿದ ಮಾತು ನನಗೆ ಬಾಯಿಪಾಠವಾಗಿದೆ.

"ನೀವು ಭಕ್ತಿ ಅಂದ್ಕೊಂಡಿದ್ದು ಭಕ್ತಿಯಾಗಿರ್ಲಿಲ್ಲ. ನನಗೆ ತಲೆ ಸುತ್ತುತ್ತಿತ್ತು. ಬೀಳ್ತೀನಿ ಅಂತ ನೆಲ ಹಿಡ್ಕೊಂಡಿದ್ದೆ. ನನಗೆ ಸಲ್ಲದ ಹೊಗಳಿಕೆ ತಗೊಂಡಿದೀನಿ, ಅದನ್ನ ವಾಪಸ್ ತಗೊಳ್ಳಿ. ನನ್ನ ಕಿವಿಯೊಳಗೆ ಒಂದು ಹರಳು ಜಾರಿತ್ತು. ಅದನ್ನ ಜಾಗಕ್ಕೆ ಕಳಿಸಿದ್ದು ನನ್ನ ಮಗಳು. ನನ್ನ ಮಗಳು ಇನ್ಸಾಫ್ ಕಿವಿ ಡಾಕ್ಟರು."

ನಾನು ಕಿವಿ ಡಾಕ್ಟರಾಗಿ ಆಗಲೇ ಹನ್ನೆರಡು ವರ್ಷವಾಗಿತ್ತು. ಆದರೂ ಆ ದಿನವೇ ಆದೆ ಅನ್ನಿಸಿತು. ಪಕ್ಕದ ಹೆಂಗಸು ನೀನೇಕೆ ಅಳುತ್ತಿದ್ದೀಯ, ಇವತ್ತು ಇನ್ನೂ ಸಜ್ದಾವೇ ಆಗಿಲ್ಲವಲ್ಲ ಎಂದಳು.

ಜನ ಅದನ್ನು ನಂಬಿದರು ಎಂದುಕೊಂಡಿರಾ? ಒಬ್ಬರೂ ನಂಬಲಿಲ್ಲ. ಎಂಥ ವಿನಯ, ಎಂಥ ದೊಡ್ಡ ಮನುಷ್ಯ, ತನ್ನ ಭಕ್ತಿಯನ್ನು ಮುಚ್ಚಿಡಲು ಕಾಯಿಲೆಯ ನೆಪ ಹೇಳುತ್ತಿದ್ದಾನೆ ಎಂದರು. ನದಿಯಾಚೆಯ ಆಟೋಗಳು ಹೆಚ್ಚಾದವು. ಅಪ್ಪ ಮನೆಗೆ ಬಂದು ರುಮಾಲು ಬಿಸಾಡಿ, ನಿಜ ಹೇಳಿದರೂ ಬಿಡುತ್ತಿಲ್ಲವಲ್ಲ ಈ ಜನ ಎಂದು ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಾಗ ಬಿಡುವ ಮಾತು ಅಲ್ಲಿಗೆ ನಿಂತಿತು. ಆ ರಂಜಾನಿನ ಅಷ್ಟೂ ರಾತ್ರಿಯ ದೀರ್ಘ ನಮಾಜುಗಳನ್ನು ಅವರೇ ನಡೆಸಿಕೊಟ್ಟರು. ಭಕ್ತಿಯ ಮಾತು ನಂಬದವರು ಕಿವಿಯ ಮಾತನ್ನು ಮಾತ್ರ ನಂಬಿದರು. ಮಾರನೆಯ ವಾರದಿಂದ ನನ್ನ ಕೋಣೆಯ ಮುಂದೆ ಗೋಡೆ ಹಿಡಿದುಕೊಂಡು ನಿಂತವರ ಸಾಲು. ಈ ಆಸ್ಪತ್ರೆಯಲ್ಲಿ ತಲೆಸುತ್ತಿಗೇ ಒಂದು ಕೋಣೆ ಆದದ್ದು ಹಾಗೆ.

ಮುಗಿಸುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಈ ಕಾಯಿಲೆ ಯಾರ ಮುಲಾಜೂ ನೋಡುವುದಿಲ್ಲ. ಹೋದ ತಿಂಗಳು ನನಗೇ ಬಂತು. ಹಬ್ಬದ ರಜೆ, ಸಹೋದ್ಯೋಗಿಗಳು ಒಬ್ಬರೂ ಊರಲ್ಲಿಲ್ಲ. ಅಮ್ಮನ ಮನೆಯಲ್ಲಿ ಕೆಳಗಿನ ಗೂಡಿನಿಂದ ಪಾತ್ರೆ ತೆಗೆಯಲು ಬಗ್ಗಿದವಳು ಅಲ್ಲೇ ಕೂತುಬಿಟ್ಟೆ. ಒಬ್ಬಳೇ ಮಾಡಿಕೊಳ್ಳುವ ಕ್ರಮವೂ ಇದೆ, ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಸಭಿಕರೇ, ನಿಜ ಹೇಳುತ್ತೇನೆ, ಹೆದರಿಕೆಯಾಗಿ ನನಗೆ ಒಂದೂ ನೆನಪಾಗಲಿಲ್ಲ. ಅಪ್ಪ ಬಂದು ಮಂಚದ ಮೇಲೆ ಕೂರಿಸಿ ನನ್ನ ತಲೆ ಹಿಡಿದುಕೊಂಡರು. ಎಡಕ್ಕೆ ಅಪ್ಪ, ಎಡಕ್ಕೆ ಎಂದು ಕೂಗಿದೆ, ಅವರಿಗೆ ಕೇಳಿಸಲಿಲ್ಲ. ಆಗ ನನ್ನ ತಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕಿಸೆಯ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡರು. "ಈಗ ಹೇಳು," ಎಂದರು.

ನಾನು ಹೇಳಿದೆ, ಅವರು ಮಾಡಿದರು. ಸೂರು ಗಿರಗಿರ ತಿರುಗುವಾಗ ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಎಂಬತ್ತೈದರ ಆ ಕೈ ನನ್ನ ತಲೆಯನ್ನು ಬಿಡಲಿಲ್ಲ.

"ತಿರುಗ್ತಿರೋದು ಮನೆಯಲ್ಲ ಮಗಳೇ, ನೀನೂ ಅಲ್ಲ," ಎಂದರು. "ನಾನು ಹಿಡ್ಕೊಂಡಿದೀನಿ."

ಕೆಲಸ ಮುಗಿದ ಮೇಲೆ ಯಂತ್ರ ಮತ್ತೆ ಕಿಸೆಗೆ ಹೋಯಿತು. ಆ ಧೈರ್ಯದಿಂದಲೇ ನಾನು ಇಷ್ಟೆಲ್ಲ... ಅಪ್ಪ? ರುಮಾಲಿನ ಪಕ್ಕದಲ್ಲಿ ಕಾಣುತ್ತಿರುವುದು ಏನು? ಯಾವಾಗ ಹಾಕಿಕೊಂಡಿರಿ? ಮೊದಲಿಂದಲೂ ಹಾಕಿಕೊಂಡೇ ಬಂದಿರಾ? ಅಮ್ಮ, ನಗಬೇಡ, ನಿನಗೆ ಗೊತ್ತಿತ್ತು.

ಸಭಿಕರೇ, ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಕಿತ್ತಳೆ ಹಣ್ಣಿನದನ್ನೂ ಕೇಳಿಸಿಕೊಂಡಿದ್ದಾರೆ. ಇನ್ನು ನನ್ನ ಹತ್ತಿರ ಹೇಳುವುದಕ್ಕೆ ಏನೂ ಉಳಿದಿಲ್ಲ. ತಾಳ್ಮೆಯಿಂದ ಕೂತ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮ್ಮ ಪ್ರಾರ್ಥನೆ ಮುಗಿಸುವ ಕ್ರಮದಲ್ಲೇ ಈ ಮಾತನ್ನೂ ಮುಗಿಸುತ್ತೇನೆ. ಇಗೋ, ನನ್ನ ಬಲಕ್ಕೆ ಕೂತವರಿಗೆ ನಮಸ್ಕಾರ. ಎಡಕ್ಕೆ ಕೂತವರಿಗೆ ನಮಸ್ಕಾರ. ನೋಡಿದಿರಾ, ಎರಡೂ ಕಡೆ ತಿರುಗಿದೆ, ಸಭಾಂಗಣ ಇದ್ದಲ್ಲೇ ಇದೆ. ಇನ್ನು ಎದುರಿಗೆ, ಮೊದಲ ಸಾಲಿನಲ್ಲಿ ಕೂತಿರುವ ನನ್ನ ಡಾಕ್ಟರಿಗೂ ನಮಸ್ಕಾರ.